ಚಿಕಿತ್ಸೆ ಮುಗಿಸಿ ಕಾಲೇಜಿಗೆ ವಾಪಸ್: ನಶೆ ಬಿಟ್ಟ ವಿದ್ಯಾರ್ಥಿಗೆ ಆಮೇಲೆ ಏನು ಬೇಕು?

ಕಾಲೇಜು ಹುಡುಗರ ಹತ್ತಿರ ಗಾಂಜಾ ಸಿಕ್ಕಿತು, ಪಿಜಿ ಮೇಲೆ ಪೊಲೀಸರ ದಾಳಿ ಆಯ್ತು ಅನ್ನುವ ಸುದ್ದಿ ಆಗಾಗ ಓದುತ್ತೇವೆ. ಎಷ್ಟು ಗ್ರಾಂ, ಎಷ್ಟು ಲಕ್ಷ, ಎಷ್ಟು ಜನರ ಬಂಧನ, ಅಷ್ಟಕ್ಕೆ ಸುದ್ದಿ ಮುಗಿಯುತ್ತದೆ. ಆದರೆ ಆ ವಯಸ್ಸಿನ ಎಷ್ಟೋ ಮಕ್ಕಳು ಚಿಕಿತ್ಸೆಗೆ ಹೋಗುತ್ತಾರೆ, ಕಷ್ಟಪಟ್ಟು ಬಿಡುತ್ತಾರೆ, ಒಂದು ಸೆಮಿಸ್ಟರ್ ಕಳೆದುಕೊಂಡು ಮತ್ತೆ ಅದೇ ಕಾಲೇಜಿಗೆ, ಅದೇ ಹಾಸ್ಟೆಲಿಗೆ ಬರುತ್ತಾರೆ. ಆ ಭಾಗದ ಬಗ್ಗೆ ಮಾತೇ ಇಲ್ಲ. ಮನೆಯವರಿಗೆ ಭಯ, ಕಾಲೇಜಿಗೆ ಮುಜುಗರ, ರೂಮ್‌ಮೇಟಿಗಂತೂ ಏನು ಮಾತಾಡಬೇಕು ಅಂತಲೇ ತೋಚುವುದಿಲ್ಲ.

ಚಿಕಿತ್ಸೆ ಮುಗಿದ ಮೇಲಿನ ಮೊದಲ ಒಂದು ವರ್ಷ ತುಂಬಾ ನಾಜೂಕು. ಆಗ ಕ್ಯಾಂಪಸ್ಸಿನಲ್ಲಿ ಏನು ಮಾಡಬಹುದು, ಬೇರೆ ಕಡೆ ಏನು ಮಾಡಿದ್ದಾರೆ, ನಮ್ಮಲ್ಲಿ ಏನಿದೆ ಅಂತ ಬುಡದಿಂದ ನೋಡೋಣ.

ಮೊದಲು ಕೆಲವು ಮಾತು ಸ್ಪಷ್ಟವಾಗಲಿ

ಒಮ್ಮೆ ಕುಡಿದವರೆಲ್ಲ, ಒಮ್ಮೆ ಸೇದಿದವರೆಲ್ಲ ವ್ಯಸನಿಗಳಲ್ಲ. ಬಿಡಬೇಕು ಅನ್ನಿಸಿದರೂ ಬಿಡೋಕೆ ಆಗದಿದ್ದಾಗ, ಮೊದಲಿನಷ್ಟೇ ನಶೆ ಏರೋಕೆ ದಿನೇ ದಿನೇ ಜಾಸ್ತಿ ಬೇಕಾದಾಗ, ಓದು, ದುಡ್ಡು, ಸ್ನೇಹ ಎಲ್ಲ ಕೈ ಬಿಟ್ಟು ಹೋಗುತ್ತಿದ್ದರೂ ಮನಸ್ಸು ಅದರ ಹಿಂದೆಯೇ ಓಡಿದಾಗ ಡಾಕ್ಟರು ಅದನ್ನು ವ್ಯಸನ ಅನ್ನುತ್ತಾರೆ. ಇದು ಕಾಯಿಲೆ. ಹಟ ಕಮ್ಮಿ ಇದೆ, ಸಂಸ್ಕಾರ ಇಲ್ಲ ಅಂತ ಬೈದರೆ ಗುಣವಾಗುವಂಥದ್ದಲ್ಲ.

ನಿಲ್ಲಿಸಿದ ಕೂಡಲೇ ದೇಹ ತಿರುಗಿಬೀಳುವುದಕ್ಕೆ ವಿತ್‌ಡ್ರಾಯಲ್ ಅನ್ನುತ್ತಾರೆ. ನಡುಕ, ಬೆವರು, ವಾಂತಿ, ರಾತ್ರಿಯಿಡೀ ನಿದ್ದೆ ಇಲ್ಲ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ದಿನಾ ಜಾಸ್ತಿ ಕುಡಿಯುವವರು, ನಿದ್ದೆಯ ಅಥವಾ ಆತಂಕದ ಮಾತ್ರೆಗೆ ಅಂಟಿಕೊಂಡವರು ದಿಢೀರ್ ಅಂತ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯ ಆಗಬಹುದು. ರೂಮಿನಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಅನ್ನುವ ಕೆಲಸ ಯಾರೂ ಮಾಡಬಾರದು. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಈ ಹಂತ ದಾಟಿಸುತ್ತಾರೆ, ಅದೇ ಡಿಟಾಕ್ಸ್. ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದೆರಡು ವಾರದ ಮಾತು.

ಚೇತರಿಕೆ ಶುರುವಾಗುವುದು ಅದಾದ ಮೇಲೆ. ದೇಹದಿಂದ ಮದ್ಯ ಹೋಗಿರುತ್ತದೆ, ಆದರೆ ಬೇಕೇ ಬೇಕು ಅನ್ನಿಸುವ ಎಳೆತ, ಅಂದರೆ ಕ್ರೇವಿಂಗ್, ತಿಂಗಳುಗಟ್ಟಲೆ ಇರುತ್ತದೆ. ಡಾಕ್ಟರುಗಳು ಬಳಸುವ ಅಳತೆಯ ಪ್ರಕಾರ ಈ ಎಳೆತ ಒಂದನ್ನು ಬಿಟ್ಟು ಕಾಯಿಲೆಯ ಬೇರೆ ಲಕ್ಷಣಗಳಿಲ್ಲದೆ 3 ತಿಂಗಳು ಕಳೆದರೆ ಅದು ಆರಂಭದ ಚೇತರಿಕೆ, 12 ತಿಂಗಳು ದಾಟಿದರೆ ಗಟ್ಟಿಯಾಗಿ ನೆಲೆನಿಂತ ಚೇತರಿಕೆ. ಅಂದರೆ 30 ದಿನ ರಿಹ್ಯಾಬ್‌ನಲ್ಲಿದ್ದು ಬಂದ ಹುಡುಗಿ ಗುಣವಾಗಿ ಬಂದಿಲ್ಲ, ಗುಣವಾಗೋಕೆ ಶುರು ಮಾಡಿ ಬಂದಿದ್ದಾಳೆ.

ಬಿಟ್ಟ ಮೇಲೂ ಕಾಲೇಜು ಯಾಕೆ ಇಷ್ಟು ಕಷ್ಟ?

ಮೆದುಳು ನಶೆಯನ್ನು ಮಾತ್ರ ನೆನಪಿಟ್ಟುಕೊಳ್ಳುವುದಿಲ್ಲ. ನಶೆ ಮಾಡಿದ ಜಾಗ, ಹೊತ್ತು, ಜೊತೆಗಿದ್ದವರು, ವಾಸನೆ, ಹಾಡು, ಎಲ್ಲವನ್ನೂ ಒಟ್ಟಿಗೆ ಗಂಟು ಹಾಕಿ ಇಟ್ಟುಕೊಂಡಿರುತ್ತದೆ. ಹಾಸ್ಟೆಲಿನ ಟೆರೇಸ್ ಮೆಟ್ಟಿಲು ಕಂಡರೆ ಸಾಕು, ಇಂಟರ್ನಲ್ಸ್ ಮುಗಿದ ಶುಕ್ರವಾರದ ಸಂಜೆ ಆದರೆ ಸಾಕು, ಎಳೆತ ಎದ್ದು ಬರುತ್ತದೆ. ಚಿಕಿತ್ಸಾ ಕೇಂದ್ರದಲ್ಲಿ ಇವು ಯಾವುವೂ ಇರಲಿಲ್ಲ. ಅಲ್ಲಿ ಆರಾಮಾಗಿದ್ದವನು ಇಲ್ಲಿ ಬಂದು ಎರಡೇ ವಾರದಲ್ಲಿ ಒದ್ದಾಡುವುದಕ್ಕೆ ಇದೇ ದೊಡ್ಡ ಕಾರಣ, ಅವನು ನಾಟಕ ಮಾಡುತ್ತಿದ್ದ ಅಂತಲ್ಲ.

ವಯಸ್ಸಿನದ್ದೂ ಪಾತ್ರ ಇದೆ. 'ತಡೆ, ಈಗ ಬೇಡ' ಅಂತ ಹೇಳುವ ಮೆದುಳಿನ ಮುಂಭಾಗ 25ರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಅದರ ಮೇಲೆ ಕಾಲೇಜಿನ ಸ್ನೇಹ ಬೆಳೆಯುವುದು ಎಲ್ಲಿ? ಬರ್ತ್‌ಡೇ ಪಾರ್ಟಿ, ಫೆಸ್ಟ್, ಟ್ರಿಪ್. ಇವೆಲ್ಲದರಿಂದ ದೂರ ಇರು ಅಂತ ಹೇಳುವುದು ಸುಲಭ, ಆದರೆ ಹಾಗೆ ಮಾಡಿದ ಮಗುವಿಗೆ ಉಳಿಯುವುದು ಒಂಟಿ ರೂಮು ಮತ್ತು ಫೋನು. ಒಂಟಿತನವೂ ಮತ್ತೆ ಅದೇ ದಾರಿಗೆ ತಳ್ಳುತ್ತದೆ.

ಓದಿನ ಲೆಕ್ಕವೂ ಬೇರೆ. ಸೆಮಿಸ್ಟರ್ ಮಧ್ಯೆ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದರೆ ಅಟೆಂಡೆನ್ಸ್ ಶಾರ್ಟೇಜ್ ಬರುತ್ತದೆ, ಬ್ಯಾಕ್ ಸಬ್ಜೆಕ್ಟ್ ಉಳಿಯುತ್ತವೆ, ಜೊತೆಯವರು ಮುಂದಿನ ವರ್ಷಕ್ಕೆ ಹೋಗಿರುತ್ತಾರೆ.

ಸಸಿಮಡಿಯಿಂದ ಕಿತ್ತು ಗದ್ದೆಗೆ ನೆಟ್ಟ ಭತ್ತದ ಪೈರು ಮೊದಲ ಕೆಲವು ದಿನ ಹಳದಿಯಾಗಿ ಬಾಡಿದ ಹಾಗೆ ಕಾಣುತ್ತದಲ್ವಾ? ಪೈರು ಕೆಟ್ಟಿತು ಅಂತ ಯಾವ ರೈತನೂ ಕಿತ್ತು ಎಸೆಯುವುದಿಲ್ಲ. ಬೇರು ಹಿಡಿಯುವವರೆಗೆ ಗದ್ದೆಯ ನೀರು ನೋಡಿಕೊಳ್ಳುತ್ತಾನೆ. ಕ್ಯಾಂಪಸ್ಸಿನಲ್ಲಿ ಕೊಡಬೇಕಾದ ಬೆಂಬಲವೂ ಅಂಥದ್ದೇ.

ಅಮೆರಿಕದ ಕ್ಯಾಂಪಸ್‌ಗಳಲ್ಲಿ ಏನು ಮಾಡಿದರು

ಈ ಯೋಚನೆ ಒಂದು ವ್ಯವಸ್ಥೆಯಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಇದನ್ನು ಕಾಲೇಜಿಯೇಟ್ ರಿಕವರಿ ಪ್ರೋಗ್ರಾಂ ಅನ್ನುತ್ತಾರೆ. 1977ರಲ್ಲಿ ಬ್ರೌನ್ ವಿಶ್ವವಿದ್ಯಾಲಯ ಬ್ರೂಸ್ ಡೊನೊವನ್ ಅನ್ನುವ ಪ್ರೊಫೆಸರಿಗೆ ಈ ಸಮಸ್ಯೆ ಇರುವ ವಿದ್ಯಾರ್ಥಿಗಳ ಜವಾಬ್ದಾರಿ ಕೊಟ್ಟಿತು. ಅವರು ಗ್ರೀಕ್, ಲ್ಯಾಟಿನ್ ಪಾಠ ಮಾಡುವ ಮೇಷ್ಟ್ರು, ಸ್ವತಃ ಕುಡಿತ ಬಿಟ್ಟು ಚೇತರಿಸಿಕೊಂಡವರು. 1983ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಅಂತ ಕಾರ್ಯಕ್ರಮ ಶುರುವಾಯಿತು, 1988ರಲ್ಲಿ ಅಲ್ಲಿಯೇ ಚೇತರಿಕೆಯಲ್ಲಿರುವವರಿಗೆ ಬೇರೆ ವಸತಿ ಮಾಡಿಕೊಟ್ಟರು. 1986ರಲ್ಲಿ ಟೆಕ್ಸಾಸ್ ಟೆಕ್, 1997ರಲ್ಲಿ ಮಿನಿಯಾಪೊಲಿಸ್ಸಿನ ಆಗ್ಸ್‌ಬರ್ಗ್ ಕಾಲೇಜು ಜೊತೆಗೂಡಿದವು. 2015ರಲ್ಲಿ ನ್ಯೂಜೆರ್ಸಿ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಲು ಭಾಗಕ್ಕಿಂತ ಕಮ್ಮಿಯಿಲ್ಲದಷ್ಟು ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿರುವ ಸರ್ಕಾರಿ ನಾಲ್ಕು ವರ್ಷದ ಕಾಲೇಜುಗಳು ಇಂಥ ವಸತಿ ಕೊಡಲೇಬೇಕು ಅಂತ ಕಾನೂನು ಮಾಡಿತು.

ಒಳಗೆ ಏನು ನಡೆಯುತ್ತದೆ ಅಂತ ನೋಡಿದರೆ ದೊಡ್ಡ ತಂತ್ರಜ್ಞಾನ ಏನೂ ಇಲ್ಲ. ಮೊದಲನೆಯದು ಜಾಗ. ಕ್ಯಾಂಪಸ್ಸಿನ ನಡುವೆಯೇ ಒಂದು ಕೋಣೆ, ಸೋಫಾ, ಕಾಫಿ, ಓದೋಕೆ ಟೇಬಲ್. ಎರಡು ಕ್ಲಾಸಿನ ನಡುವೆ ಎಳೆತ ಬಂದರೆ ಹೋಗಿ ಕೂರೋಕೆ, ಯಾಕೆ ಬಂದೆ ಅಂತ ಯಾರೂ ಕೇಳದ ಒಂದು ಕಡೆ. ವಿದ್ಯಾರ್ಥಿಗಳು ಇದನ್ನು ಎಷ್ಟು ಬಳಸುತ್ತಾರೆ ಅಂದರೆ, ಹಲವರಿಗೆ ಕಾರ್ಯಕ್ರಮ ಅಂದರೆ ಆ ಕೋಣೆಯೇ.

ವಸತಿ ಅದಕ್ಕಿಂತ ದೊಡ್ಡ ವಿಷಯ. ನಶೆ ಬಿಟ್ಟವರಷ್ಟೇ ಇರುವ ಮನೆ ಅಥವಾ ಮಹಡಿ, ಒಳಗೆ ಮದ್ಯ, ಡ್ರಗ್ಸ್ ಇಲ್ಲ. ಶನಿವಾರ ರಾತ್ರಿ ಪಕ್ಕದ ರೂಮಿನಿಂದ ಬಾಟಲಿ ಸದ್ದು ಕೇಳಿಸದಿರುವುದು ಮೊದಲ ವರ್ಷದಲ್ಲಿ ಎಷ್ಟು ನೆಮ್ಮದಿ ಅನ್ನುವುದು ಅಲ್ಲಿದ್ದವರಿಗೇ ಗೊತ್ತು. ಜೊತೆಯವರ ಸಭೆಗಳು ವಾರವಾರ ನಡೆಯುತ್ತವೆ. ಕೆಲವರು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ 1935ರಲ್ಲಿ ಅಮೆರಿಕದಲ್ಲೇ ಹುಟ್ಟಿದ ಎ.ಎ. ಸಭೆಗೆ ಹೋಗುತ್ತಾರೆ, ಕೆಲವರಿಗೆ ಅದು ಹಿಡಿಸುವುದಿಲ್ಲ, ಅವರಿಗೆ ಬೇರೆ ಗುಂಪು. ಈ ಸಭೆಗಳಲ್ಲಿ ಮೊದಲು ಕಲಿಸುವ ಪಾಠ ಬಹಳ ಸರಳ: ಎಳೆತ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೋ. ಹಸಿವಾಗಿದೆಯಾ, ಕೋಪ ಬಂದಿದೆಯಾ, ಒಂಟಿ ಅನ್ನಿಸುತ್ತಿದೆಯಾ, ದಣಿದಿದ್ದೀಯಾ? ಪರೀಕ್ಷೆಯ ವಾರದಲ್ಲಿ ಹಾಸ್ಟೆಲ್ ಹುಡುಗನಿಗೆ ಈ ನಾಲ್ಕೂ ಒಟ್ಟಿಗೆ ಇರುತ್ತವೆ, ನೋಡಿ.

ಇವೆಲ್ಲದರ ಜೊತೆ ಕಾರ್ಯಕ್ರಮಕ್ಕೆ ಅಂತಲೇ ಒಬ್ಬ ಸಿಬ್ಬಂದಿ ಇರುತ್ತಾರೆ. ಕೌನ್ಸೆಲಿಂಗ್‌ಗೆ ಕಳಿಸುವುದು, ಯಾವ ಸೆಮಿಸ್ಟರಿನಲ್ಲಿ ಎಷ್ಟು ವಿಷಯ ತಗೊಂಡರೆ ತಡೆದುಕೊಳ್ಳಬಹುದು ಅಂತ ಕೂತು ಲೆಕ್ಕ ಹಾಕುವುದು, ಸ್ಕಾಲರ್‌ಶಿಪ್ ಹುಡುಕುವುದು ಅವರ ಕೆಲಸ. ಮತ್ತೆ ಸಂತೋಷಕ್ಕೂ ಜಾಗ ಬೇಕಲ್ವಾ? ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಪಂದ್ಯದ ದಿನ ಮೈದಾನದ ಹೊರಗೆ ಬೆಳಗ್ಗೆಯಿಂದಲೇ ಬಿಯರ್ ಕುಡಿಯುವ ರೂಢಿ ಇದೆ. ಈ ಗುಂಪುಗಳು ಅಲ್ಲೇ ತಮ್ಮದೊಂದು ಟೆಂಟ್ ಹಾಕುತ್ತವೆ, ತಿಂಡಿ ಇರುತ್ತದೆ, ಗಲಾಟೆ ಇರುತ್ತದೆ, ಮದ್ಯ ಮಾತ್ರ ಇರುವುದಿಲ್ಲ. ಪಂದ್ಯ ತಪ್ಪಿಸಿಕೊಂಡು ರೂಮಿನಲ್ಲಿ ಕೂರುವ ಅಗತ್ಯ ಬೀಳುವುದಿಲ್ಲ.

ಇದರಿಂದ ಉಪಯೋಗ ಆಗಿದೆಯಾ?

ಅಲ್ಲಿನ 29 ಕಾರ್ಯಕ್ರಮಗಳ 486 ವಿದ್ಯಾರ್ಥಿಗಳನ್ನು ಕೇಳಿ ಮಾಡಿದ ಒಂದು ಸಮೀಕ್ಷೆ ಇದೆ. ಅವರ ಸರಾಸರಿ ವಯಸ್ಸು 26. ಈ ಬೆಂಬಲ ಇಲ್ಲದಿದ್ದರೆ ತಾವು ಕಾಲೇಜಿನಲ್ಲೇ ಇರುತ್ತಿರಲಿಲ್ಲ ಅಂತ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರು ಹೇಳಿದರು. ವಯಸ್ಸು ಗಮನಿಸಿ, ನಡುವೆ ವರ್ಷಗಳನ್ನು ಕಳೆದುಕೊಂಡು ವಾಪಸ್ ಬಂದವರೇ ಜಾಸ್ತಿ.

ಆದರೆ ಇದನ್ನು ಓದುವಾಗ ಒಂದು ಮಾತು ನೆನಪಿರಲಿ. ಇಂಥ ಕಾರ್ಯಕ್ರಮಕ್ಕೆ ತಾವಾಗಿಯೇ ಸೇರುವವರು ಬಿಡಬೇಕು ಅಂತ ಆಗಲೇ ಗಟ್ಟಿ ಮನಸ್ಸು ಮಾಡಿದವರು. ಹಾಗಾಗಿ ಅವರು ಚೆನ್ನಾಗಿದ್ದಾರೆ ಅಂದರೆ ಅದರಲ್ಲಿ ಕಾರ್ಯಕ್ರಮದ ಪಾಲು ಎಷ್ಟು, ಅವರ ಮನಸ್ಸಿನ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ಮತ್ತೆ ಜಾರಿದರೆ?

ಮನೆಯವರು ಅತಿ ಹೆಚ್ಚು ಹೆದರುವುದು ಇದಕ್ಕೆ. ವ್ಯಸನಕ್ಕೆ ಚಿಕಿತ್ಸೆ ಪಡೆದವರಲ್ಲಿ 40ರಿಂದ 60 ಶೇಕಡಾ ಜನ ಒಮ್ಮೆಯಾದರೂ ಮತ್ತೆ ಬಳಸುತ್ತಾರೆ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಬಿಪಿ, ಅಸ್ತಮಾ ಇರುವವರಲ್ಲಿ ಕಾಯಿಲೆ ಮರುಕಳಿಸುವ ಪ್ರಮಾಣ ಇದಕ್ಕಿಂತ ಕಮ್ಮಿ ಏನಿಲ್ಲ. ಬಿಪಿ ಏರಿದರೆ ನಾವು ಮಾತ್ರೆ ಬದಲಿಸುತ್ತೇವೆ, ಊಟ ನೋಡುತ್ತೇವೆ. ಇಲ್ಲಿ ಮಾತ್ರ 'ಇವನ ಹಣೆಬರಹ ಇಷ್ಟೇ' ಅಂತ ಕೈ ಚೆಲ್ಲುತ್ತೇವೆ.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಒಂದು ಮುಖ್ಯ ವ್ಯತ್ಯಾಸ ತೋರಿಸಿಕೊಟ್ಟರು. ಒಂದು ಸಲ ಜಾರುವುದು ಬೇರೆ, ಪೂರ್ತಿ ಹಳೆಯ ಸ್ಥಿತಿಗೆ ಬೀಳುವುದು ಬೇರೆ. ಒಂದರಿಂದ ಇನ್ನೊಂದಕ್ಕೆ ತಳ್ಳುವುದು ಹೆಚ್ಚಾಗಿ ನಾಚಿಕೆ. 'ಹೇಗೂ ಹಾಳಾಯ್ತು, ಇನ್ನೇನು' ಅನ್ನುವ ಯೋಚನೆ. ಜಾರಿದ ದಿನವೇ ಯಾರಿಗಾದರೂ ಹೇಳೋಕೆ ಧೈರ್ಯ ಇದ್ದರೆ ಅದು ಅಲ್ಲಿಗೇ ನಿಲ್ಲುವ ಸಾಧ್ಯತೆ ಜಾಸ್ತಿ. ಹೇಳಿದರೆ ಹಾಸ್ಟೆಲಿನಿಂದ ಹೊರಗೆ ಹಾಕುತ್ತಾರೆ, ಅಪ್ಪ ಹೊಡೆಯುತ್ತಾರೆ ಅಂತಿದ್ದರೆ ಯಾರು ತಾನೇ ಬಾಯಿ ಬಿಡುತ್ತಾರೆ?

ಜೀವದ ಅಪಾಯವೂ ಇದೇ ಹೊತ್ತಿನಲ್ಲಿ ಇದೆ. ಹೆರಾಯಿನ್ ಅಥವಾ ಅದೇ ಜಾತಿಯ ನೋವಿನ ಮಾತ್ರೆಗಳನ್ನು ಬಿಟ್ಟು ಕೆಲವು ವಾರ ಕಳೆದವರ ದೇಹ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಮೊದಲಿನಷ್ಟೇ ತಗೊಂಡರೆ ಉಸಿರು ನಿಲ್ಲಬಹುದು. ಪ್ರಜ್ಞೆ ಇಲ್ಲ, ಉಸಿರು ನಿಧಾನ, ತುಟಿ ನೀಲಿ, ಇಷ್ಟು ಕಂಡರೆ ಕಾಯದೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಮಲಗಿ ಎದ್ದರೆ ಸರಿಹೋಗುತ್ತಾನೆ ಅಂತ ಬಿಟ್ಟು ಹೋಗಬೇಡಿ.

ನಮ್ಮಲ್ಲಿ ಏನಿದೆ?

ಭಾರತ ಸರ್ಕಾರ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಚಿಕಿತ್ಸೆಯ ಕತೆಯೇ ಹೀಗಿರುವಾಗ ಆಮೇಲಿನ ಬೆಂಬಲ ಇನ್ನೂ ದೂರದ ಮಾತು ಅನ್ನಿಸಬಹುದು. ಆದರೂ ಬಿಡಿಬಿಡಿಯಾಗಿ ಬಹಳಷ್ಟು ಇದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ 14416, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ನಶೆಯ ವಿಷಯಕ್ಕೇ ಅಂತ 14446 ಇದೆ. ಎ.ಎ. ಗುಂಪುಗಳು ನಮ್ಮ ರಾಜ್ಯದಲ್ಲೂ ಇವೆ, ಶುಲ್ಕ ಇಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ.

ಕ್ಯಾಂಪಸ್ ಬೆಂಬಲದ ತತ್ವ ನಮ್ಮ ಊರಿನವರಿಗೆ ಹೊಸದೇನಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ ನೀವು ಕೇಳಿರುತ್ತೀರಿ. ಶಿಬಿರ ಸಾಮಾನ್ಯವಾಗಿ 8 ದಿನ. ಅದು ಮುಗಿದ ಮೇಲೆ ಕುಡಿತ ಬಿಟ್ಟವರು ಊರಲ್ಲೇ ನವಜೀವನ ಸಮಿತಿ ಮಾಡಿಕೊಂಡು ಸೇರುತ್ತಾರೆ, ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಶಿಬಿರದಿಂದ ಬಂದವನನ್ನು ಒಂಟಿಯಾಗಿ ಬಿಡಬಾರದು ಅನ್ನುವ ತಿಳಿವಳಿಕೆ ಹಳ್ಳಿಯಲ್ಲಿ ಇದೆ. ಹಾಸ್ಟೆಲಿನಲ್ಲಿ ಅದನ್ನು ಮಾಡೋಕೆ ಒಂದು ಖಾಲಿ ಕೋಣೆ, ವಾರಕ್ಕೊಂದು ಸಂಜೆ, ನಂಬಿಕೆಗೆ ಅರ್ಹರಾದ ಒಬ್ಬ ಮೇಷ್ಟ್ರು ಸಿಕ್ಕರೆ ಶುರು ಮಾಡಬಹುದು.

ಕಾನೂನಿನ ಎರಡು ವಿಷಯ ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಡ್ರಗ್ಸ್ ದುರ್ಬಳಕೆಯಿಂದಾಗುವ ಮಾನಸಿಕ ತೊಂದರೆಗಳೂ ಸೇರಿವೆ. ಹಾಗಾಗಿ ಚಿಕಿತ್ಸೆಯ ಗುಟ್ಟು ಕಾಪಾಡುವುದು ರೋಗಿಯ ಹಕ್ಕು. ಪ್ರಾಣಾಪಾಯ, ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ ಆಸ್ಪತ್ರೆ ಸುಮ್ನೆ ಕಾಲೇಜಿಗೆ ಫೋನ್ ಮಾಡಿ ಹೇಳುವ ಹಾಗಿಲ್ಲ. ಎರಡನೆಯದು 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾನೂನಿನ, 64ಎ ಕಲಂ. ಡ್ರಗ್ಸ್ ಸೇವಿಸಿದ್ದಕ್ಕೆ ಅಥವಾ ಕಾನೂನು ಹೇಳುವ ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಆರೋಪ ಎದುರಿಸುತ್ತಿರುವ ವ್ಯಸನಿ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪದಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ಮಾರಾಟದ ಆರೋಪಕ್ಕೆ ಇದು ಅನ್ವಯಿಸುವುದಿಲ್ಲ. ಕೇಸ್ ಇದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಕಾಲೇಜಿಗೆ ಕೊಡುವ ವೈದ್ಯಕೀಯ ಪತ್ರದಲ್ಲಿ ಎಷ್ಟು ವಿವರ ಇರಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಅಮೆರಿಕದಲ್ಲಿ ಓದುತ್ತಿರುವ ನಮ್ಮ ಮಕ್ಕಳು

ಎಂ.ಎಸ್. ಮಾಡೋಕೆ ಹೋದ ಮಕ್ಕಳಿಗೆ ಇನ್ನೊಂದು ಭಯ ಇರುತ್ತದೆ, ವೀಸಾ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿರುವವರು ಪೂರ್ತಿ ಕೋರ್ಸ್ ಓದುತ್ತಿರಬೇಕು ಅನ್ನುವುದು ನಿಯಮ, ಹಾಗಾಗಿ ಚಿಕಿತ್ಸೆಗೆ ರಜೆ ತಗೊಂಡರೆ ವಾಪಸ್ ಕಳಿಸುತ್ತಾರೆ ಅಂತ ಹಲವರು ಒಳಗೊಳಗೇ ನರಳುತ್ತಾರೆ. ಆದರೆ ಅದೇ ನಿಯಮದಲ್ಲಿ ಕಾಯಿಲೆಗೆ ವಿನಾಯಿತಿ ಇದೆ. ಅಲ್ಲಿನ ಲೈಸೆನ್ಸ್ ಇರುವ ವೈದ್ಯರ ಪತ್ರ ಇದ್ದರೆ ಒಂದು ಪದವಿ ಮಟ್ಟದಲ್ಲಿ ಒಟ್ಟು 12 ತಿಂಗಳವರೆಗೆ ಕಮ್ಮಿ ವಿಷಯ ತಗೊಳ್ಳಬಹುದು, ಅಗತ್ಯ ಬಿದ್ದರೆ ಪೂರ್ತಿ ಬಿಡುವು ಕೂಡ. ಆದರೆ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿಯ ಒಪ್ಪಿಗೆ ಪಡೆದು ಆಮೇಲೆ ವಿಷಯ ಬಿಡಬೇಕು. ಈ ಕ್ರಮ ತಿರುಗುಮುರುಗಾದರೆ ತೊಂದರೆ.

ಇನ್ನೊಂದು, ಹಲವು ರಾಜ್ಯಗಳಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದೆ. ಕೇಂದ್ರ ಕಾನೂನಿನಲ್ಲಿ ಮಾತ್ರ ಅದು ಇನ್ನೂ ಅಪರಾಧ, ವೀಸಾ ನೋಡುವುದು ಕೇಂದ್ರ ಕಾನೂನು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೂ ವೀಸಾ ರದ್ದಾಗಬಹುದು. ಅಂಥದ್ದು ಆಗಿದ್ದರೆ ಯಾವ ಫಾರಂ ತುಂಬುವ ಮೊದಲೂ ವಲಸೆ ವಕೀಲರನ್ನು ಕಾಣಬೇಕು. ಮನಸ್ಸು ತೀರಾ ಸಂಕಟದಲ್ಲಿದ್ದರೆ ಅಲ್ಲಿ 988 ಸಹಾಯವಾಣಿಗೆ ಕರೆ ಮಾಡಬಹುದು.

ಅಪ್ಪ ಅಮ್ಮಂದಿರಿಗೆ ಒಂದು ಮಾತು. 18 ದಾಟಿದ ವಿದ್ಯಾರ್ಥಿಯ ಮಾಹಿತಿಯನ್ನು ಅಲ್ಲಿನ ಕಾಲೇಜು ಸಾಮಾನ್ಯವಾಗಿ ಮನೆಯವರಿಗೆ ಕೊಡುವುದಿಲ್ಲ. ಮಗ ಹೇಳಿದರಷ್ಟೇ ನಿಮಗೆ ಗೊತ್ತಾಗುವುದು. ಅವನು ಹೇಳುವ ಹಾಗೆ ನೀವಿರಬೇಕು.

ಜೊತೆಗಿರುವವರು ಏನು ಮಾಡಬಹುದು

ರೂಮ್‌ಮೇಟ್ ಆಗಿದ್ದರೆ ರೂಮಿನಲ್ಲಿ ಕುಡಿಯಬೇಡಿ, ಬಾಟಲಿ ಇಡಬೇಡಿ. ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. 'ಒಂದೇ ಒಂದು ಪೆಗ್, ಏನಾಗಲ್ಲ' ಅಂತ ತಮಾಷೆಗೂ ಹೇಳಬೇಡಿ. ಸಂಜೆ ಹೊತ್ತು ಚಹಾಕ್ಕೆ, ಶಟಲ್ ಆಡೋಕೆ, ದೋಸೆ ತಿನ್ನೋಕೆ ಕರೆಯಿರಿ. ಯಾಕೆ ಇಷ್ಟು ದಿನ ಬಂದಿರಲಿಲ್ಲ ಅಂತ ಬೇರೆಯವರು ಕೇಳಿದರೆ ಉತ್ತರ ಕೊಡುವ ಹಕ್ಕು ಅವನದು, ನಿಮ್ಮದಲ್ಲ.

ಮೇಷ್ಟ್ರುಗಳು ಎಲ್ಲ ವಿವರ ಕೇಳಬೇಕಿಲ್ಲ. ಯಾವ ಇಂಟರ್ನಲ್ಸ್ ತಪ್ಪಿದೆ, ಯಾವಾಗ ಬರೆಯಬಹುದು ಅಂತ ದಾರಿ ಹೇಳಿದರೆ ಸಾಕು. ವಾರ್ಡನ್ನರು ಉಳಿದವರ ಎದುರಿಗೆ ಒಬ್ಬನ ಬ್ಯಾಗ್ ಮಾತ್ರ ತಪಾಸಣೆ ಮಾಡಿದರೆ ಇಡೀ ಹಾಸ್ಟೆಲಿಗೆ ವಿಷಯ ಹರಡಿದ ಹಾಗೆ.

ಮನೆಯಲ್ಲಿ ದಿನಾ ಫೋನ್ ಮಾಡಿ 'ಇವತ್ತು ಕುಡಿದೆಯಾ' ಅಂತ ಕೇಳುವ ಬದಲು 'ಊಟ ಆಯ್ತಾ, ನಿದ್ದೆ ಬಂತಾ' ಅಂತ ಕೇಳಿ. ಆ ಉತ್ತರದಲ್ಲೇ ಮುಕ್ಕಾಲು ವಿಷಯ ಗೊತ್ತಾಗುತ್ತದೆ. ಔಷಧಿ ಬರೆದುಕೊಟ್ಟಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ, 'ಇದೂ ಒಂದು ಚಟವಾಗುತ್ತೆ' ಅಂತ ನೆಂಟರು ಹೇಳಿದರೂ ಸಹ.

ಮಗಳು ಇನ್ನೂ ಸಹಾಯ ತಗೊಳ್ಳೋಕೆ ಒಪ್ಪುತ್ತಿಲ್ಲ ಅಂದರೂ ನೀವು ಕಾಯಬೇಕಿಲ್ಲ. 14416ಕ್ಕೆ ಅಪ್ಪ, ಅಮ್ಮ, ಅಕ್ಕ, ರೂಮ್‌ಮೇಟ್ ಯಾರು ಬೇಕಾದರೂ ಫೋನ್ ಮಾಡಿ, ಅವಳ ಜೊತೆ ಹೇಗೆ ಮಾತು ಶುರು ಮಾಡಬೇಕು ಅಂತ ಕೇಳಬಹುದು.